ಹೆಸರು ಬರೆದವರು, ಹಾದಿ ಬರೆಯದವರು: ಬೆಂಗಳೂರು–ಬೆಳ್ಗೊಳ ಯಾತ್ರಾಮಾರ್ಗವನ್ನು ಕುರಿತು

ಕ್ರಿ.ಶ. 990ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ಎಂಬಾತನು ರೋಮಿಗೆ ಹೋಗಿ, ತನ್ನ ಪದವಿಯ ಲಾಂಛನವಾದ ಉಣ್ಣೆಯ ಪಟ್ಟಿಯನ್ನು ಪೋಪರಿಂದ ಪಡೆದು ಹಿಂದಿರುಗಿದನು. ಆ ಹಿಂದಿರುಗುವ ದಾರಿಯ ತಂಗುದಾಣಗಳ ಪಟ್ಟಿಯೊಂದು ಹಸ್ತಪ್ರತಿಯಲ್ಲಿ ಉಳಿದುಬಂದಿದೆ. ರೋಮಿನಿಂದ ಇಂಗ್ಲಿಷ್ ಕಡಲ್ಗಾಲುವೆಯ ತೀರದವರೆಗೆ ಸುಮಾರು 80 ಊರುಗಳ ಹೆಸರುಗಳು ಅದರಲ್ಲಿ ಕ್ರಮವಾಗಿ ಬಂದಿವೆ. ಊರಿನ ವರ್ಣನೆಯಿಲ್ಲ, ದಾರಿಯ ಕಷ್ಟದ ಮಾತಿಲ್ಲ, ಭಕ್ತಿಯ ಉದ್ಗಾರವೂ ಇಲ್ಲ. ಲೆಕ್ಕಪತ್ರದಂತಿರುವ ಈ ಒಣ ಪಟ್ಟಿಯೇ ‘ವಿಯಾ ಫ್ರಾಂಚಿಜೆನಾ’ ಎಂದು ಹೆಸರಾದ ಪ್ರಾಚೀನ ಯಾತ್ರಾಮಾರ್ಗವನ್ನು ಗುರುತಿಸಲು ಇಂದಿನ ವಿದ್ವಾಂಸರಿಗೆ ಮುಖ್ಯ ಆಧಾರವಾಗಿದೆ.

1985ರಲ್ಲಿ ಜೊವಾನಿ ಕಸೆಲ್ಲಿ ಎಂಬ ಇಟಲಿಯ ಸಂಶೋಧಕರು ಈ ಪಟ್ಟಿಯನ್ನು ಹಿಡಿದು ದಾರಿಯನ್ನು ಶೋಧಿಸಿದರು. 1994ರಲ್ಲಿ ಯುರೋಪಿನ ಪರಿಷತ್ತು ಅದನ್ನು ಸಾಂಸ್ಕೃತಿಕ ಮಾರ್ಗವೆಂದು ಮಾನ್ಯ ಮಾಡಿತು. ಇಂದು ತಸ್ಕನಿ ಪ್ರಾಂತದ ಲೂಕಾ ನಗರದಿಂದ ಹೊರಟು ಆಲ್ತೊಪಾಶೊ, ಸಾನ್ ಜಿಮಿನ್ಯಾನೊ, ಮೊಂತೆರಿಜೋನಿಗಳ ಮೂಲಕ ಸಿಯೆನಾಕ್ಕೆ ಆರೇಳು ದಿನ ನಡೆದು ಹೋಗುವುದು ಒಂದು ಜನಪ್ರಿಯ ರಜಾಪ್ರವಾಸವಾಗಿದೆ. ಆ ದೂರ ಸುಮಾರು 130 ಕಿಲೋಮೀಟರು. ನಡೆಯುವವನ ಸಾಮಾನು ವಾಹನದಲ್ಲಿ ಮುಂದಿನ ಊರಿಗೆ ಹೋಗಿರುತ್ತದೆ. ಅವನ ಕೈಯಲ್ಲಿ ತಂಗುದಾಣಗಳ ಮುದ್ರೆ ಬೀಳುವ ಒಂದು ಕಿರುಹೊತ್ತಗೆ ಇರುತ್ತದೆ. ಈಚೆಗೆ ಬಸವನಗುಡಿ, ಮಲ್ಲೇಶ್ವರಗಳ ನಿವೃತ್ತ ಮಿತ್ರರಲ್ಲಿಯೂ ಕೆಲವರು ಈ ನಡಿಗೆಗೆ ಹೋಗಿಬಂದು ಅದರ ಸೊಗಸನ್ನು ಹೇಳುತ್ತಿದ್ದಾರೆ. ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಸುಮಾರು 145 ಕಿಲೋಮೀಟರು. ಲೂಕಾ–ಸಿಯೆನಾ ದೂರಕ್ಕಿಂತ ಒಂದು ದಿನದ ನಡಿಗೆಯಷ್ಟೂ ಹೆಚ್ಚಿಲ್ಲ. ಆದರೆ ಆ ದಾರಿಯನ್ನು ‘ದಾರಿ’ಯಾಗಿ ಅರಿತವರು ನಮ್ಮಲ್ಲಿ ಎಷ್ಟು ಮಂದಿ?

ಸಿಗೆರಿಕ್ಕನ ಕಾಲವನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಬೇರೆ ಕಾರಣಕ್ಕೆ ಬಲ್ಲರು. ಚಾವುಂಡರಾಯನು ಗೊಮ್ಮಟಮೂರ್ತಿಯನ್ನು ಮಾಡಿಸಿದ್ದು 981ರ ಸುಮಾರಿಗೆ. ರನ್ನನ ಅಜಿತಪುರಾಣ ಸಿದ್ಧವಾದದ್ದು 993ರಲ್ಲಿ. ಈ ಎರಡು ಘಟನೆಗಳ ನಡುವೆ ಆ ಆರ್ಚ್‌ಬಿಷಪ್ ತನ್ನ ತಂಗುದಾಣಗಳನ್ನು ಬರೆಸುತ್ತಿದ್ದನು. ಅದೇ ದಶಕಗಳಲ್ಲಿ ಬೆಳ್ಗೊಳಕ್ಕೆ ಬಂದ ನಮ್ಮ ಯಾತ್ರಿಕರು ಏನನ್ನು ಬರೆಸಿದರು, ಏನನ್ನು ಬರೆಸಲಿಲ್ಲ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಬಂಡೆಯ ಮೇಲಿನ ಹೆಸರುಗಳು

ಬಿ.ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಸಂಪುಟದಲ್ಲಿ ಶಾಸನಗಳ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ ಅದು 573 ಆಯಿತು. ಈ ಹೆಚ್ಚಳದ ಬಹುಪಾಲು ದೊಡ್ಡ ದಾನಶಾಸನಗಳಿಂದ ಬಂದದ್ದಲ್ಲ. ಚಿಕ್ಕಬೆಟ್ಟದ ಬಂಡೆಯ ಮೇಲೆ, ಬಸದಿಗಳ ಸುತ್ತ, ಒಂದೆರಡು ಪದಗಳಲ್ಲಿ ಮುಗಿಯುವ ಕಿರುಬರಹಗಳನ್ನೂ ನರಸಿಂಹಾಚಾರ್ಯರು ಬಿಡದೆ ಓದಿದರು. ಅವುಗಳಲ್ಲಿ ಸುಮಾರು 160 ಯಾತ್ರಿಕರ ಬರಹಗಳು. ರಾಜನಿಲ್ಲ, ದತ್ತಿಯಿಲ್ಲ, ಶಾಪವಾಕ್ಯವಿಲ್ಲ. ಇಂಥವನು ಬಂದನು, ಇಂಥವನು ದೇವರನ್ನು ವಂದಿಸಿದನು. ಹೆಚ್ಚಿನವುಗಳಲ್ಲಿ ಅಷ್ಟೂ ಇಲ್ಲ, ಹೆಸರು ಮಾತ್ರ.

ಆ ಹೆಸರುಗಳಲ್ಲಿ ಒಂದು ‘ಶ್ರೀ ಕವಿರತ್ನ’. ಇದು ರನ್ನನದೇ ಎಂಬುದು ವಿದ್ವಾಂಸರ ಅಭಿಪ್ರಾಯ. ಸಾಹಿತ್ಯಚರಿತ್ರೆಗಳಲ್ಲಿ ಈ ಬರಹವು ಕವಿಯ ಜೀವನಕ್ಕೆ ಸಾಕ್ಷಿಯಾಗಿ ಉಲ್ಲೇಖಗೊಳ್ಳುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯುತ್ತದೆ. ಆದರೆ ಅದನ್ನು ಒಬ್ಬ ನಡೆದುಬಂದವನ ಬರಹವೆಂದು ಓದಿ ನೋಡಬೇಕು. ರನ್ನನು ಹುಟ್ಟಿದ್ದು 949ರಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ. ಊರಿಂದೂರಿಗೆ ತಿರುಗುವುದು ಬಳೆಗಾರರ ವೃತ್ತಿಧರ್ಮ. ಘಟಪ್ರಭೆಯ ದಡದ ಹುಡುಗನು ಗಂಗರ ನಾಡಿಗೆ ಬಂದು, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದನು. ತುಂಗಭದ್ರೆಯನ್ನು ಎಲ್ಲಿ ದಾಟಿದನು, ಯಾವ ಸಾರ್ಥವಾಹರೊಡನೆ ಬಂದನು ಎಂಬುದನ್ನು ತನ್ನ ಹುಟ್ಟು, ವಂಶ, ಗುರು, ಪೋಷಕರನ್ನೆಲ್ಲ ಅಭಿಮಾನದಿಂದ ಹೇಳಿಕೊಳ್ಳುವ ಆ ಕವಿ ಹೇಳುವುದಿಲ್ಲ.

ಉತ್ತರಭಾರತದಿಂದ ಬಂದವರ ಬರಹಗಳು 50ಕ್ಕೂ ಹೆಚ್ಚಿವೆ. ಇವು ಈಚಿನ ಶತಮಾನಗಳವು. ನಾಗರಿಯಲ್ಲಿ ಕೆಲವು, ಮಹಾಜನಿ ಲಿಪಿಯಲ್ಲಿ ಕೆಲವು. ಮಹಾಜನಿಯು ವ್ಯಾಪಾರಿಗಳ ಲೆಕ್ಕದ ಪುಸ್ತಕದ ಲಿಪಿ. ಸ್ವರಚಿಹ್ನೆಗಳನ್ನು ಬಿಟ್ಟು ವ್ಯಂಜನಗಳನ್ನಷ್ಟೇ ಬೇಗಬೇಗ ಬರೆಯುವ ರೂಢಿಯದು. ಅಗರವಾಲ ಮೊದಲಾದ ವರ್ತಕ ಕುಲಗಳವರು ತಮ್ಮ ಹೆಸರು, ಗೋತ್ರ, ಸಂವತ್ಸರಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆದಂತೆಯೇ ಬಂಡೆಯ ಮೇಲೂ ಬರೆಸಿದರು. ವಿಂಧ್ಯ, ನರ್ಮದೆ, ಗೋದಾವರಿ, ಕೃಷ್ಣೆಗಳನ್ನು ದಾಟಿ ಬಂದ ಈ ಜನರ ತಿಂಗಳುಗಟ್ಟಲೆಯ ದಾರಿ ಆ ಸಾಲುಗಳಲ್ಲಿ ಕಾಣುವುದಿಲ್ಲ. ಇಂದು ಸಂರಕ್ಷಿತ ಸ್ಮಾರಕದ ಮೇಲೆ ಹೆಸರು ಕೆತ್ತುವುದು ಅಪರಾಧ. ಅಂದು ಕೆತ್ತಿದ್ದರಿಂದಲೇ ಅವರು ಬಂದಿದ್ದರೆಂಬುದು ನಮಗೆ ತಿಳಿದಿದೆ.

‘ಕ್ರಮೇಣ’ ಎಂಬ ಒಂದು ಪದ

ಬೆಳ್ಗೊಳದ ಅತ್ಯಂತ ಪ್ರಾಚೀನ ಶಾಸನ, ಸುಮಾರು 600ರ ಕಾಲದ್ದು, ನಡಿಗೆಯನ್ನೇ ಕುರಿತದ್ದಾಗಿದೆ. ಹನ್ನೆರಡು ವರ್ಷಗಳ ಕ್ಷಾಮವೊದಗುವುದೆಂದು ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ನುಡಿದರು. ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟು, ನೂರಾರು ಗ್ರಾಮಗಳ ಸಮೃದ್ಧವಾದ ಒಂದು ನಾಡನ್ನು ತಲಪಿತು ಎಂಬುದು ಅದರ ಸಾರ. ಭದ್ರಬಾಹು ಯಾರು, ಪ್ರಭಾಚಂದ್ರರು ಯಾರು ಎಂಬ ಚರ್ಚೆಯಲ್ಲಿ ನಮ್ಮ ವಿದ್ವತ್ತು ನೂರು ವರ್ಷಗಳಿಗೂ ಹೆಚ್ಚು ಕಾಲ ತೊಡಗಿದೆ. ನಾನು ಗಮನ ಸೆಳೆಯಬಯಸುವುದು ಆ ವಾಕ್ಯದ ಒಂದು ಸಣ್ಣ ಪದದ ಕಡೆಗೆ. ಉಜ್ಜಯಿನಿಗೂ ಈ ನಾಡಿಗೂ ನಡುವಿನ ಇಡೀ ದಾರಿಗೆ ಶಾಸನಕವಿ ಕೊಟ್ಟಿರುವುದು ‘ಕ್ರಮೇಣ’ ಎಂಬ ಪದವನ್ನು. ಕನ್ನಡದಲ್ಲಿ ನಾವು ಅದನ್ನು ‘ಬರಬರುತ್ತ’ ಎಂಬರ್ಥದಲ್ಲಿ ಬಳಸುತ್ತೇವೆ. ಆದರೆ ‘ಕ್ರಮ’ ಎಂಬುದಕ್ಕೆ ಮೂಲಾರ್ಥ ಹೆಜ್ಜೆ. ಹೆಜ್ಜೆ ಹೆಜ್ಜೆಯಾಗಿ ಬಂದರು ಎಂದಷ್ಟೇ ಹೇಳಿ ಶಾಸನವು ಮುಂದಿನ ನಾಡಿನ ವರ್ಣನೆಗೆ ತೊಡಗುತ್ತದೆ.

ಕಾವ್ಯದಲ್ಲಿಯೂ ಇದೇ ಬಗೆ. ಲೊಕ್ಕಿಗುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆಯು ಗೊಮ್ಮಟನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟೆನೆಂದು ವ್ರತ ತೊಟ್ಟು ಬೆಳ್ಗೊಳಕ್ಕೆ ಬಂದುದನ್ನು ರನ್ನನು ಅಜಿತಪುರಾಣದಲ್ಲಿ ಹೇಳುತ್ತಾನೆ. ಬೆಟ್ಟವನ್ನೇರಿದ ಆಕೆಯ ಬಳಲಿಕೆಯನ್ನು ಕಳೆಯಲೆಂಬಂತೆ ಅಕಾಲದಲ್ಲಿ ಮಳೆ ಸುರಿಯಿತಂತೆ. ಯಾತ್ರಿಕಳೊಬ್ಬಳ ಮೈದಣಿವು ಹಳಗನ್ನಡ ಕಾವ್ಯದಲ್ಲಿ ದಾಖಲಾದ ಅಪರೂಪದ ಸ್ಥಳವಿದು. ಆದರೆ ಆ ದಣಿವು ಕೂಡ ಬೆಟ್ಟದ ದಣಿವು. ಅದಕ್ಕೆ ಮುಂಚಿನ ದೀರ್ಘ ಪ್ರಯಾಣದ ಬಗೆಗೆ ಕವಿ ಮೌನವಾಗಿದ್ದಾನೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಅಕ್ಕಮಹಾದೇವಿ ನಡೆದ ದಾರಿಯ ವಿಷಯದಲ್ಲಿಯೂ ನಮಗೆ ದೊರೆಯುವುದು ಎರಡು ತುದಿಗಳೇ. 16ನೆಯ ಶತಮಾನದ ಸೋದೆಯ ವಾದಿರಾಜರು ಸಂಸ್ಕೃತದಲ್ಲಿ ಬರೆದ ‘ತೀರ್ಥಪ್ರಬಂಧ’ವು ಭಾರತದ ಕ್ಷೇತ್ರಗಳನ್ನು ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂಬ ನಾಲ್ಕು ಪ್ರಬಂಧಗಳಲ್ಲಿ ಸುತ್ತಿಬರುತ್ತದೆ. ಸಿಗೆರಿಕ್ಕನ ಪಟ್ಟಿಗೆ ನಮ್ಮಲ್ಲಿ ಹತ್ತಿರದ ಹೋಲಿಕೆ ಇದೇ. ಆದರೂ ವ್ಯತ್ಯಾಸ ಸ್ಪಷ್ಟವಾಗಿದೆ: ಅಲ್ಲಿರುವುದು ರಾತ್ರಿ ತಂಗಿದ ಊರುಗಳು, ಇಲ್ಲಿರುವುದು ವಂದಿಸಿದ ತೀರ್ಥಗಳು.

ಇದನ್ನು ನಮ್ಮವರ ಇತಿಹಾಸಪ್ರಜ್ಞೆಯ ಕೊರತೆಯೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ‘ತೀರ್ಥ’ ಎಂದರೆ ನದಿಯನ್ನು ದಾಟುವ ಕಡವು. ತೀರ್ಥಂಕರನೆಂದರೆ ಆ ಕಡವನ್ನು ಮಾಡಿಕೊಟ್ಟವನು. ದಾಟುವುದೇ ಮುಖ್ಯವಾದಲ್ಲಿ ದಾರಿಯು ಹೆಸರಿಸಿ ಇರಿಸಿಕೊಳ್ಳುವ ವಸ್ತುವಾಗುವುದಿಲ್ಲ. ಜೈನ ಮುನಿಗಳ ವಿಹಾರದಲ್ಲಿ ಈ ನಿಲುವು ಇನ್ನೂ ನಿಚ್ಚಳವಾಗಿದೆ. ಬರಿಗಾಲಲ್ಲಿ ನಡೆಯುತ್ತಲೇ ಇರಬೇಕು. ಒಂದು ಎಡೆಗೆ ಅಂಟಿಕೊಳ್ಳಬಾರದು. ಮಳೆಗಾಲದ ಚಾತುರ್ಮಾಸದಲ್ಲಿ ಮಾತ್ರ ನೆಲೆನಿಲ್ಲಬೇಕು. ಹಾಗಾಗಿ ಮುನಿಚರಿತೆಗಳಲ್ಲಿ ದಾರಿಗೆ ಬದಲು ಚಾತುರ್ಮಾಸದ ಊರುಗಳು ದಾಖಲಾಗಿರುತ್ತವೆ. ಚಿಕ್ಕೋಡಿ ಸೀಮೆಯ ಭೋಜದ ಆಚಾರ್ಯ ಶಾಂತಿಸಾಗರರು 1920ರ ದಶಕದ ಕೊನೆಯಲ್ಲಿ ಸಂಘದೊಡನೆ ಸಮ್ಮೇದಶಿಖರಕ್ಕೆ ನಡೆದರು. ಶತಮಾನಗಳ ಅನಂತರ ದಿಗಂಬರ ಮುನಿಸಂಘವೊಂದು ದಕ್ಷಿಣದಿಂದ ಉತ್ತರಕ್ಕೆ ಮಾಡಿದ ಮಹಾವಿಹಾರವೆಂದು ಅದನ್ನು ಸ್ಮರಿಸುತ್ತಾರೆ. ಅದರ ನಕ್ಷೆಯನ್ನು ಬರೆಯಹೊರಟವನು ಕಟನಿ, ಲಲಿತಪುರ, ಮಥುರಾ, ದಿಲ್ಲಿಗಳ ಚಾತುರ್ಮಾಸಗಳನ್ನೇ ಮೈಲಿಗಲ್ಲುಗಳಾಗಿ ಹಿಡಿಯಬೇಕು.

ದಾರಿಯನ್ನು ಬರೆದವರು ಯಾರು?

ಯಾತ್ರಿಕನು ಬರೆಯದ ದಾರಿಯನ್ನು ಬೇರೆಯವರು ಬರೆದಿದ್ದಾರೆ. ಅದು ಯಾತ್ರೆಯ ಹೆಸರಿನಲ್ಲಿ ಇಲ್ಲವಾದ್ದರಿಂದ ನಾವು ಅದನ್ನು ಓದಿಲ್ಲ ಅಷ್ಟೆ.

ಮೊದಲನೆಯದಾಗಿ ಭೂದಾನ ಶಾಸನಗಳ ಎಲ್ಲೆಯ ವಿವರ. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ, ‘ಹೆಬ್ಬಟ್ಟೆ’ ಎಂದರೆ ಹೆದ್ದಾರಿ. ದಾನದ ಹೊಲಕ್ಕೆ ಮೂಡಲು ಯಾವುದು, ತೆಂಕಲು ಯಾವುದು ಎಂದು ಹೇಳುವಾಗ ಇಂಥ ಊರಿಗೆ ಹೋಗುವ ಬಟ್ಟೆ ಎಂಬ ಗುರುತು ಬರುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳು ಶಾಸನದ ಪ್ರಶಸ್ತಿಪದ್ಯಗಳನ್ನು ಓದಿ ಎಲ್ಲೆಯ ಭಾಗವನ್ನು ಹಾರಿಸಿಬಿಡುತ್ತಾರೆ. ಒಂದು ತಾಲ್ಲೂಕಿನ ಶಾಸನಗಳ ಎಲ್ಲೆಗಳಲ್ಲಿ ಬರುವ ಬಟ್ಟೆಗಳನ್ನಷ್ಟೇ ಆರಿಸಿ ನಕ್ಷೆಯ ಮೇಲೆ ಗುರುತಿಸಿದರೆ ಎಷ್ಟೋ ಹಳೆಯ ದಾರಿಗಳ ತುಣುಕುಗಳು ಕಾಣತೊಡಗುತ್ತವೆ.

ಎರಡನೆಯದು ಧರ್ಮಕಾರ್ಯಗಳು. ಅರವಟ್ಟಿಗೆ, ಸತ್ರ, ಬಾವಿ, ಸಾಲುಮರ, ತಲೆಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳಲು ನಿಲ್ಲಿಸಿದ ಕಲ್ಲು — ಇವು ಒಂದೊಂದೂ ದಾರಿಯ ಮೇಲಿನ ಒಂದು ಬಿಂದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಜೈನರ ಚತುರ್ವಿಧ ದಾನಗಳನ್ನು ನಾವು ತತ್ತ್ವವಾಗಿ ವಿವರಿಸುತ್ತೇವೆ. ನಡೆಯುವವನ ಕಣ್ಣಿನಿಂದ ನೋಡಿದರೆ ಅವು ದಿನನಿತ್ಯದ ಅಗತ್ಯಗಳು: ಹಸಿದವನಿಗೆ ಅನ್ನ, ಕಾಡುದಾರಿಯಲ್ಲಿ ರಕ್ಷಣೆ, ಕಾಲೊಡೆದವನಿಗೆ ಔಷಧಿ, ತಂಗಿದಲ್ಲಿ ಕೇಳುವ ಶಾಸ್ತ್ರ. ಇಟಲಿಯ ಮಾರ್ಗದಲ್ಲಿಯೂ ಆಲ್ತೊಪಾಶೊದ ಯಾತ್ರಿಕಾಲಯ, ಸಿಯೆನಾದ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಆಸ್ಪತ್ರೆಗಳು ಇದೇ ಅಗತ್ಯಗಳಿಂದ ಬೆಳೆದವು.

ಮೂರನೆಯದು ಸ್ಥಳನಾಮ. ಬೆಂಗಳೂರು ಪೇಟೆಯ ಹಳೆಯ ಕೋಟೆಬಾಗಿಲುಗಳಿಗೆ ಹಲಸೂರು ಬಾಗಿಲು, ಯಲಹಂಕ ಬಾಗಿಲು, ಆನೇಕಲ್ ಬಾಗಿಲು, ಸೊಂಡೆಕೊಪ್ಪದ ಬಾಗಿಲು ಎಂಬ ಹೆಸರುಗಳಿದ್ದವು. ಬಾಗಿಲಿಗೆ ಇಟ್ಟದ್ದು ದೊರೆಯ ಹೆಸರಲ್ಲ, ಅದರಿಂದ ಹೊರಟ ದಾರಿ ಮುಟ್ಟುವ ಊರಿನ ಹೆಸರು. ಕೋಟೆ ಹೋಗಿ ಎಷ್ಟೋ ಕಾಲವಾದರೂ ಹಲಸೂರು ಗೇಟ್ ಪೊಲೀಸ್ ಠಾಣೆಯ ಹೆಸರಿನಲ್ಲಿ ಒಂದು ದಾರಿ ಉಳಿದಿದೆ.

ಈ ಮೂರು ಬಗೆಯ ಆಕರಗಳನ್ನು ಹಿಡಿದು ಬೆಂಗಳೂರಿನ ಪಶ್ಚಿಮಕ್ಕೆ ಹೊರಟವನಿಗೆ ದೊರೆಯುವ ಸಾಮಗ್ರಿ ಸಣ್ಣದಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಮಾನ್ಯಪುರ. 8ನೆಯ ಶತಮಾನದ ಕೊನೆಯಲ್ಲಿ ಗಂಗ ಸೇನಾನಿ ಶ್ರೀವಿಜಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದುದನ್ನು ತಾಮ್ರಶಾಸನ ಹೇಳುತ್ತದೆ. ಮುಂದೆ ಕುಣಿಗಲ್, ಅದರ ದೊಡ್ಡ ಕೆರೆ. ಬೆಳ್ಳೂರಿನ ಬಳಿ ಕಂಬದಹಳ್ಳಿ, ಅದರ ಪಂಚಕೂಟ ಬಸದಿ, ಊರಿಗೆ ಹೆಸರು ತಂದ ಬ್ರಹ್ಮದೇವರ ಕಂಬ. ಅಲ್ಲಿಂದ ಬೆಳ್ಗೊಳ ಒಂದು ದಿನದ ನಡಿಗೆ. ಸಿಗೆರಿಕ್ಕನ ತಂಗುದಾಣಗಳ ಸರಾಸರಿ ಅಂತರ 20 ಕಿಲೋಮೀಟರಿನ ಆಸುಪಾಸಿನದು. ಆ ಅಳತೆಯಲ್ಲಿ ಬೆಂಗಳೂರಿನಿಂದ ಬೆಳ್ಗೊಳಕ್ಕೆ ಒಂದು ವಾರ. ಮಣ್ಣೆ, ಕುಣಿಗಲ್, ಕಂಬದಹಳ್ಳಿಗಳನ್ನು ಬಿಡಿಬಿಡಿಯಾಗಿ ಕಾರಿನಲ್ಲಿ ಹೋಗಿ ನೋಡುವ ನಾವು ಅವುಗಳನ್ನು ಒಂದು ಸಾಲಿನಲ್ಲಿ ಯೋಚಿಸಿಲ್ಲ.

ಛತ್ರವು ರೈಲುನಿಲ್ದಾಣಕ್ಕೆ ಬಂದದ್ದು

ಈ ಸಾಲು ನಮ್ಮ ಮನಸ್ಸಿನಿಂದ ಅಳಿದುದಕ್ಕೆ ಒಂದು ಕಾರಣ ರೈಲು. 1864ರಲ್ಲಿ ಬೆಂಗಳೂರು ದಂಡಿಗೆ ರೈಲು ಬಂತು. 1880ರ ದಶಕದಲ್ಲಿ ಮೈಸೂರಿಗೂ ಅರಸೀಕೆರೆಯ ಕಡೆಗೂ ಹಳಿಗಳು ಹರಡಿದವು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಬೆನ್ನಿಗೆ ಬಸವನಗುಡಿ ಮತ್ತು ಮಲ್ಲೇಶ್ವರ ಹುಟ್ಟಿಕೊಂಡಾಗ ಯಾತ್ರೆಯ ರೀತಿ ಬದಲಾಗಿತ್ತು. ಗುಬ್ಬಿ ತೋಟದಪ್ಪನವರು 1903ರಲ್ಲಿ ತಮ್ಮ ಹೆಸರಾಂತ ಧರ್ಮಛತ್ರವನ್ನು ಕಟ್ಟಿಸಿದ್ದು ರೈಲುನಿಲ್ದಾಣದ ಎದುರಿಗೆ. ದಾರಿಬದಿಯಲ್ಲಿದ್ದ ಧರ್ಮವು ನಿಲ್ದಾಣದ ಬದಿಗೆ ಬಂದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಬೆಳ್ಗೊಳವನ್ನು ಮುಟ್ಟುವ ಬೆಂಗಳೂರು–ಹಾಸನ ಹಳಿ ಪೂರ್ಣಗೊಂಡದ್ದು 2017ರಲ್ಲಿ, ಮರುವರ್ಷದ ಮಹಾಮಸ್ತಕಾಭಿಷೇಕಕ್ಕೆ ಸ್ವಲ್ಪ ಮುಂಚೆ. ಈಗ ಆ ದೂರ ಎರಡು ಮೂರು ಗಂಟೆಗಳದು.

ಹಾಗೆಂದು ನಡಿಗೆ ನಿಂತಿಲ್ಲ. ಚಿಕ್ಕಪೇಟೆ, ವಿಶ್ವೇಶ್ವರಪುರಗಳಿಗೆ ಚಾತುರ್ಮಾಸಕ್ಕೆ ಬರುವ ಮುನಿಗಳೂ ಸಾಧ್ವಿಯರೂ ಇಂದಿಗೂ ನಡೆದೇ ಬರುತ್ತಾರೆ. ಅವರಿಗಾಗಿ ಶ್ವೇತಾಂಬರ ಸಮಾಜದವರು ಹೆದ್ದಾರಿಗಳ ಬದಿಯಲ್ಲಿ ವಿಹಾರಧಾಮಗಳನ್ನು ಕಟ್ಟಿಸಿದ್ದಾರೆ. ಒಂದು ಬೆಳಗಿನಲ್ಲಿ ನಡೆಯಬಲ್ಲ ದೂರವೇ ಅವುಗಳ ನಡುವಿನ ಅಂತರವನ್ನು ನಿರ್ಧರಿಸುತ್ತದೆ. ಮನುಷ್ಯನ ಕಾಲಿನಿಂದ ಅಳೆದ ಕಟ್ಟಡಗಳು ಹೆದ್ದಾರಿಯ ಮೇಲೆ ಇವು ಮಾತ್ರ.

ಇನ್ನೊಂದು, ಇದಕ್ಕಿಂತ ಬಹಳ ದೊಡ್ಡ ನಡಿಗೆಯಿದೆ. ಮಹಾಶಿವರಾತ್ರಿಗೆ ವಾರ ಹತ್ತು ದಿನವಿರುವಾಗ ಬೆಂಗಳೂರಿನ ಬಡಾವಣೆಗಳಿಂದ ಸಾವಿರಾರು ಜನ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ: ಸುಮಾರು 300 ಕಿಲೋಮೀಟರು. ಬೆಳ್ಳೂರಿನಿಂದ ಚನ್ನರಾಯಪಟ್ಟಣದವರೆಗೆ ಇವರು ಕಂಬದಹಳ್ಳಿ, ಬೆಳ್ಗೊಳಗಳ ಮಗ್ಗುಲಲ್ಲಿಯೇ ನಡೆಯುತ್ತಾರೆ. ನಸುಕಿನಲ್ಲಿ ಎದ್ದು ಬಿಸಿಲೇರುವವರೆಗೆ ನಡೆ, ಮಧ್ಯಾಹ್ನ ಶಾಲೆಯ ಜಗಲಿಯಲ್ಲೋ ಕಲ್ಯಾಣಮಂಟಪದಲ್ಲೋ ವಿಶ್ರಾಂತಿ, ಸಂಜೆ ಮತ್ತೆ ನಡೆ. ಸಾಮಾನು, ಅಕ್ಕಿಬೇಳೆಗಳು ಟೆಂಪೋದಲ್ಲಿ ಮುಂದೆ ಹೋಗಿರುತ್ತವೆ. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ಪಾನಕ, ಕಲ್ಲಂಗಡಿ ಹಣ್ಣು ಹಂಚುತ್ತಾರೆ. ಬೊಬ್ಬೆಯೆದ್ದ ಕಾಲಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟುವವರಿರುತ್ತಾರೆ. ಆಹಾರ ಮತ್ತು ಭೈಷಜ್ಯಗಳು ಅಲ್ಲಿವೆ, ಅರವಟ್ಟಿಗೆಯೂ ಇದೆ. ಇಲ್ಲದಿರುವುದು ಅಭಯ. ಲಾರಿಗಳು ಹಾಯುವ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ಕತ್ತಲಲ್ಲಿ ಈ ಜನ ನಡೆಯಬೇಕಾಗಿದೆ.

ಇಟಲಿಯ ಅನುಭವದಿಂದ ನಾವು ಕಲಿಯಬಹುದಾದದ್ದು ಇಲ್ಲಿದೆ. ಅಲ್ಲಿಯೂ ಹಳೆಯ ಮಾರ್ಗದ ಒಂದು ಭಾಗ ಇಂದು ‘ಕಾಸಿಯಾ’ ಎಂಬ ಮೋಟಾರು ರಸ್ತೆಯ ಅಡಿಯಲ್ಲಿದೆ. ಮಾರ್ಗವನ್ನು ಪುನರುಜ್ಜೀವಿಸಿದವರು ಯಾತ್ರಿಕನನ್ನು ಆ ರಸ್ತೆಯ ಮೇಲೆ ನಡೆಸಲು ಹಟ ಹಿಡಿಯಲಿಲ್ಲ. ಸಿಗೆರಿಕ್ಕನ ತಂಗುದಾಣಗಳನ್ನು ಬಿಡದೆ, ನಡುವಿನ ನಡಿಗೆಯನ್ನು ಸಾಧ್ಯವಾದಲ್ಲೆಲ್ಲ ಹೊಲದ ಬದುಗಳಿಗೆ, ದ್ರಾಕ್ಷಿತೋಟಗಳ ನಡುವಿನ ಮಣ್ಣುದಾರಿಗಳಿಗೆ ತಿರುಗಿಸಿದರು. ಆ ಆಯ್ಕೆ ಸಾಧ್ಯವಾದದ್ದು ಅವರ ಕೈಯಲ್ಲಿ ಊರುಗಳ ಪಟ್ಟಿಯಿದ್ದುದರಿಂದ. ಬೆಂಗಳೂರಿನಿಂದ ಪಶ್ಚಿಮದ ಹಳೆಯ ಬಟ್ಟೆಗಳು ಎಲ್ಲಿದ್ದವು ಎಂಬುದನ್ನು ಶಾಸನಗಳಿಂದ ತೋರಿಸಿಕೊಟ್ಟರೆ, ಹೆದ್ದಾರಿಯಿಂದ ದೂರ ಸರಿದ, ಕೆರೆಯ ಏರಿಗಳನ್ನೂ ತೋಪುಗಳನ್ನೂ ಹಾಯುವ ಒಂದು ನಡಿಗೆದಾರಿಯನ್ನು ಕೇಳುವ ಹಕ್ಕು ನಡೆಯುವವರಿಗೆ ಬರುತ್ತದೆ. ವಿದ್ವತ್ತಿನ ಕೆಲಸವು ಜೀವ ಉಳಿಸುವ ಕೆಲಸವೂ ಆಗಬಲ್ಲ ಅಪರೂಪದ ಸಂದರ್ಭವಿದು.

ಪಾದಯಾತ್ರೆಯ ತಂಡಗಳ ಮುಖಂಡರ ಬಳಿ ಪ್ರತಿವರ್ಷವೂ ಒಂದು ಪಟ್ಟಿ ಇರುತ್ತದೆ: ಮೊದಲ ದಿನ ಎಲ್ಲಿ ಊಟ, ಎಲ್ಲಿ ವಾಸ್ತವ್ಯ, ಎರಡನೆಯ ದಿನ ಎಲ್ಲಿ. ನೋಟುಬುಕ್ಕಿನಲ್ಲಿ ಬರೆದದ್ದೋ, ಕರಪತ್ರವಾಗಿ ಅಚ್ಚಾದದ್ದೋ ಆದ ಈ ಪಟ್ಟಿ ಶಿವರಾತ್ರಿ ಕಳೆದ ಮೇಲೆ ರದ್ದಿಗೆ ಹೋಗುತ್ತದೆ. ಸಿಗೆರಿಕ್ಕನ ಪಟ್ಟಿಯೂ ಬರೆದ ದಿನ ಇದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ. ಯಾರೋ ಅದನ್ನು ಇನ್ನೊಂದು ಹಸ್ತಪ್ರತಿಗೆ ನಕಲು ಮಾಡಿದ್ದರಿಂದ ಅದು ಆಕರವಾಯಿತು. ಮಲೆಮಹದೇಶ್ವರ ಬೆಟ್ಟಕ್ಕೆ ಕನಕಪುರದ ಮೇಲೆ ಹೋಗಿ ಸಂಗಮದಲ್ಲಿ ಕಾವೇರಿಯನ್ನು ದಾಟುವವರ ಪಟ್ಟಿಗಳು, ಯುಗಾದಿಗೆ ಉತ್ತರ ಕರ್ನಾಟಕದಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರ ಪಟ್ಟಿಗಳು, ವಿಹಾರಧಾಮಗಳ ದಾಖಲೆಪುಸ್ತಕಗಳು — ಇವೆಲ್ಲವನ್ನೂ ಕೂಡಿಸಿಡುವ ಒಂದು ಕಪಾಟು ನಮ್ಮ ಸಂಸ್ಥೆಗಳಲ್ಲಿ ಬೇಕು. ಮಿಥಿಕ್ ಸೊಸೈಟಿಯವರು ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಡಿಜಿಟಲೀಕರಿಸುತ್ತಿರುವುದರಿಂದ ಎಲ್ಲೆಗಳ ಬಟ್ಟೆಗಳನ್ನು ಮರಳಿ ಓದುವ ಕೆಲಸವೂ ಇಂದು ಹಿಂದೆಂದಿಗಿಂತ ಸುಲಭವಾಗಿದೆ.

ಸಂಶೋಧನೆಗೆ ವಿಷಯವಿಲ್ಲವೆಂದು ಹೇಳುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಇಷ್ಟು. ನೆಲಮಂಗಲ, ಕುಣಿಗಲ್, ನಾಗಮಂಗಲ, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಎಲ್ಲೆಯ ಸಾಲುಗಳಿಗಾಗಿಯೇ ಓದಿ, ಬಟ್ಟೆ, ಅರವಟ್ಟಿಗೆ, ಸತ್ರಗಳನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಶಿವರಾತ್ರಿಯ ಮುನ್ನಾವಾರದಲ್ಲಿ ಆ ಪಟ್ಟಿಯನ್ನು ಹಿಡಿದು ಕುಣಿಗಲ್ಲಿನಿಂದ ಬೆಳ್ಳೂರಿನವರೆಗಾದರೂ ಪಾದಯಾತ್ರಿಗಳ ಜೊತೆಯಲ್ಲಿ ನಡೆಯಿರಿ. ರಾತ್ರಿ ತಂಗಿದ ಊರಿನ ಹೆಸರನ್ನು, ಅಲ್ಲಿ ನೀರು ಕೊಟ್ಟ ಬಾವಿ ಯಾವುದೆಂಬುದನ್ನು, ದಿನಾಂಕ ಸಹಿತ ಬರೆದಿಡಿ.